ಒಂದು ಗ್ರಂಥ, ಹಲವರ ಸ್ವಾಮ್ಯ

ಬೆನ್ಸನ್ ಟೌನಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ವಿದ್ಯಾಲಯಗಳಲ್ಲಿ ಮಿಷನ್ ಕಾಲದ ಗ್ರಂಥವೊಂದನ್ನು ತೆರೆಯುವ ವಿದ್ಯಾರ್ಥಿಯು, ಇದನ್ನು ನಕಲು ಮಾಡಬಹುದೇ ಎಂದು ಕೇಳುತ್ತಾನೆ. ಈ ಗ್ರಂಥ ಯಾರಾರದು ಎಂಬುದನ್ನು ಅದಕ್ಕೆ ಮೊದಲು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯವು ಭಗವದ್ಗೀತೆಯನ್ನು ಅಚ್ಚುಹಾಕಿತು. (ಮಿಷನ್ ಮುದ್ರಣಾಲಯದಿಂದ ಗೀತೆಯೇ ಎಂದು ಇಂದು ಹುಬ್ಬೇರಿಸುವವರಿರಬಹುದು.) ರೆವರೆಂಡ್ ಜಾನ್ ಗ್ಯಾರೆಟ್ ಸಂಪಾದಿಸಿದ ಈ ಗ್ರಂಥದಲ್ಲಿ ಸಂಸ್ಕೃತ, ಕನ್ನಡ, ಇಂಗ್ಲಿಷ್ ಪಾಠಗಳು ಅಕ್ಕಪಕ್ಕದ ಅಂಕಣಗಳಲ್ಲಿವೆ. ಇಂಗ್ಲಿಷ್ ಪಾಠವು ಚಾರ್ಲ್ಸ್ ವಿಲ್ಕಿನ್ಸರು 1785ರಲ್ಲಿ ಪ್ರಕಟಿಸಿದ್ದು. ಅನುಬಂಧದಲ್ಲಿರುವ ಹುಂಬೋಲ್ಟರ ಪ್ರಬಂಧವನ್ನು ಜರ್ಮನ್ ಭಾಷೆಯಿಂದ ತಂದವರು ಜಿ. ಎಚ್. ವೈಗ್ಲೆ. ಎರಡು ವರ್ಷಗಳ ಹಿಂದಷ್ಟೇ, 1847ರಲ್ಲಿ, ಕಂಪನಿ ಸರ್ಕಾರವು ಗ್ರಂಥಸ್ವಾಮ್ಯದ ಕಾಯಿದೆಯನ್ನು ಮಾಡಿತ್ತು. ಗ್ರಂಥಕರ್ತನ ಆಯುಷ್ಯ ಹಾಗೂ ಅನಂತರದ 7 ವರ್ಷ, ಇಲ್ಲವೆ ಪ್ರಕಟಣೆಯಿಂದ 42 ವರ್ಷ, ಇವೆರಡರಲ್ಲಿ ದೀರ್ಘವಾದುದು ಸ್ವಾಮ್ಯದ ಅವಧಿ. ವಿಲ್ಕಿನ್ಸರು 1836ರಲ್ಲೇ ತೀರಿಕೊಂಡಿದ್ದರಿಂದ ಈ ಲೆಕ್ಕದಲ್ಲೂ ಅವರ ಪಾಠಕ್ಕೆ ರಕ್ಷಣೆಯಿರಲಿಲ್ಲ. ಆದರೂ ಶೀರ್ಷಿಕೆಯ ಪುಟದಲ್ಲಿ ಅವರ ಹೆಸರಿದೆ. ಕನ್ನಡ ಪಾಠದ ಬಗ್ಗೆಯಾದರೋ, ಸಂಸ್ಕೃತದಿಂದ ಹೊಸದಾಗಿ ಅನುವಾದಿಸಿದ್ದು ಎಂದಷ್ಟೇ ಇದೆ. ಅದು ಸಂಪಾದಕರ ಕೈಯೋ, ಪಂಡಿತರೊಬ್ಬರ ದುಡಿಮೆಯೋ, ಆ ಪುಟ ಹೇಳುವುದಿಲ್ಲ. ಸ್ವಾಮ್ಯ ಮುಗಿದವರಿಗೆ ಹೆಸರು ಸಂದಿತು. ಸ್ವಾಮ್ಯ ಆಗತಾನೇ ಹುಟ್ಟಬಹುದಾಗಿದ್ದ ಕೆಲಸ ಅನಾಮಿಕವಾಯಿತು.

ಈಗ ನಡೆಯುತ್ತಿರುವುದು 1957ರ ಕಾಯಿದೆ. ಕರ್ತೃವಿನ ಮರಣದ ಮುಂದಿನ ವರ್ಷದಿಂದ 60 ವರ್ಷ ಸ್ವಾಮ್ಯ ಉಳಿಯುತ್ತದೆ. ಕಿಟ್ಟೆಲರು 1903ರಲ್ಲಿ ನಿಧನರಾದರು. ಅವರ 1894ರ ನಿಘಂಟನ್ನು ಯಾರೂ ಮುದ್ರಿಸಬಹುದು. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯ ಮಾತು ಬೇರೆ. ಅವರು ಸೇರಿಸಿದ ಭಾಗಕ್ಕೆ ಅದರದೇ ಅವಧಿಯುಂಟು.

ತರಗತಿಗಳಿಗೆ ಕಾಯಿದೆಯ 52ನೆಯ ಪ್ರಕರಣವು ಉದಾರವಾಗಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ಹೂಡಿದ ದಾವೆಯಲ್ಲಿ, ಬೋಧನೆಗೆ ಅಗತ್ಯವಾದಷ್ಟನ್ನು ನಕಲು ಮಾಡುವುದು ಉಲ್ಲಂಘನೆಯಲ್ಲವೆಂದು ಅಲ್ಲಿನ ಉಚ್ಚ ನ್ಯಾಯಾಲಯವು 2016ರಲ್ಲಿ ಹೇಳಿತು. ಅಗತ್ಯವಾದಷ್ಟು ಎಂಬ ಮಾತನ್ನು ನಮ್ಮ ಅಧ್ಯಾಪಕರು ಮರೆಯಲಾಗದು.

ಆರಾಧನೆಯಲ್ಲಿ ಗೀತೆಯನ್ನು ಹಾಡುವುದಕ್ಕೂ ಅದೇ ಪ್ರಕರಣವು ವಿನಾಯಿತಿ ಕೊಡುತ್ತದೆ. ಆದರೆ ಅದು ಹಾಡುವುದಕ್ಕೆ ಮಾತ್ರ. ಸಭೆಯೊಂದು ಹೊಸ ಗೀತಪುಸ್ತಕವನ್ನು ಅಚ್ಚುಹಾಕಿಸಲು ಹೊರಟರೆ, ಮೂಲ ಪದ್ಯ, ಕನ್ನಡ ಅನುವಾದ, ರಾಗ ಸಂಯೋಜನೆ ಈ ಮೂರಕ್ಕೂ ವರ್ಷಗಳನ್ನು ಬೇರೆಬೇರೆಯಾಗಿಯೇ ಎಣಿಸಬೇಕಾಗುತ್ತದೆ.