ಪಶು ಆಹಾರ ನಿಯಂತ್ರಣ

ದನ, ಕೋಳಿಗಳಿಗೆಂದು ಕಾರ್ಖಾನೆಯಲ್ಲಿ ತಯಾರಾಗಿ ಚೀಲದಲ್ಲಿ ಮಾರಾಟವಾಗುವ ಆಹಾರದ ಗುಣಮಟ್ಟವನ್ನು ಸರ್ಕಾರ ಗೊತ್ತುಪಡಿಸಿ ತಪಾಸಣೆ ಮಾಡುವ ವ್ಯವಸ್ಥೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆ ಈ ವ್ಯಾಪಾರಕ್ಕೆ ತವರೂ ಹೌದು, ಗಿರಾಕಿಯೂ ಹೌದು. ಇಲ್ಲಿನ ಮೆಕ್ಕೆಜೋಳ ಕೋಳಿ ಫೀಡಿಗೆ ಹೋಗುತ್ತದೆ. ಫೀಡಿನ ಚೀಲ ಇಲ್ಲಿನ ಕೊಟ್ಟಿಗೆಗೆ ಬರುತ್ತದೆ.

ಮೊದಲು ದನದ ಆಹಾರಕ್ಕೆ ಸರ್ಕಾರದ ಗೊಡವೆಯೇ ಇರಲಿಲ್ಲ. ಗಾಣದ ಶೇಂಗಾ ಹಿಂಡಿ, ಗಿರಣಿಯ ತೌಡು, ಮನೆಯ ಕಲಗಚ್ಚು ಇಷ್ಟೇ ದನದ ಊಟ. ಹಿಂಡಿ ಮುಗ್ಗಲು ವಾಸನೆ ಬಂದರೆ ಮನೆಯವರೇ ಬೇಡವೆನ್ನುತ್ತಿದ್ದರು. ಮಿಶ್ರತಳಿ ಹಸುಗಳು, ಹಳ್ಳಿ ಹಳ್ಳಿಯ ಹಾಲಿನ ಡೇರಿಗಳು ಬಂದ ಮೇಲೆ ಚೀಲದ ಆಹಾರ ಅನಿವಾರ್ಯವಾಯಿತು. 1974ರಲ್ಲಿ ಶುರುವಾದ ಡೇರಿ ಅಭಿವೃದ್ಧಿ ನಿಗಮದ ಉತ್ತರಾಧಿಕಾರಿಯಾದ ಕರ್ನಾಟಕ ಹಾಲು ಮಹಾಮಂಡಳಿ ಸ್ವಂತ ಪಶು ಆಹಾರ ಘಟಕಗಳನ್ನು ಕಟ್ಟಿತು. ಹೊನ್ನಾಳಿ, ನ್ಯಾಮತಿಗಳಿಗೆ ಹತ್ತಿರದ್ದು ಶಿಕಾರಿಪುರದ್ದು.

ಕಾಗದದ ಮೇಲೆ ಮಾನದಂಡಕ್ಕೆ ಕೊರತೆಯಿಲ್ಲ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2052 ದನದ ಸಿದ್ಧ ಆಹಾರಕ್ಕೆ ಸಂಬಂಧಿಸಿದ್ದು. 2009ರ ಪರಿಷ್ಕರಣೆಯಂತೆ ಮೊದಲ ದರ್ಜೆಯಲ್ಲಿ ಕನಿಷ್ಠ ಶೇ. 22, ಎರಡನೆಯದರಲ್ಲಿ ಶೇ. 20 ಪ್ರೋಟೀನ್ ಇರಬೇಕಿತ್ತು, ತೇವಾಂಶ ಶೇ. 11 ಮೀರುವಂತಿರಲಿಲ್ಲ. ಆಹಾರವನ್ನು ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಹಾಕಿ ಕರಗದೆ ಉಳಿದದ್ದನ್ನು ತೂಗುವ ಪರೀಕ್ಷೆಯೂ ಅದರಲ್ಲಿದೆ. ಹಾಗೆ ಉಳಿಯುವುದು ಬಹುಪಾಲು ಮರಳು, ಮಣ್ಣು. ಪ್ರೋಟೀನಿನ ದುಡ್ಡಿಗೆ ಮಣ್ಣು ಮಾರುವವರು ಸಿಕ್ಕಿಬೀಳುವುದು ಇಲ್ಲೇ. ಆದರೆ ಈ ಮಾನದಂಡಕ್ಕೆ ಸಂಸ್ಥೆ ಕೊಡುವ ಮುದ್ರೆ ಪಡೆಯುವುದು ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು.

ಕಾನೂನಿನ ಕಥೆ ಇನ್ನೂ ವಿಚಿತ್ರ. 1955ರ ಅಗತ್ಯ ವಸ್ತುಗಳ ಕಾಯ್ದೆ ಹಿಂಡಿಯನ್ನೂ ದನದ ಮೇವಿನ ಜೊತೆ ಅಗತ್ಯ ವಸ್ತುವೆಂದೇ ಎಣಿಸಿತ್ತು. 2006ರ ತಿದ್ದುಪಡಿ 2007ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ ಪಟ್ಟಿ ಕುಗ್ಗಿತು. ಮೇವಿನ ಬೀಜ ಉಳಿಯಿತು, ಮೇವು, ಹಿಂಡಿ ಬಿದ್ದುಹೋದವು. ಅದೇ 2006ರ ಆಹಾರ ಸುರಕ್ಷತಾ ಕಾಯ್ದೆ 'ಆಹಾರ'ದ ವ್ಯಾಖ್ಯೆಯಿಂದ ಪಶು ಆಹಾರವನ್ನು ಹೊರಗಿಟ್ಟಿತು. ಬೀಜಕ್ಕೆ 1966ರ ಕಾಯ್ದೆ, ಕೀಟನಾಶಕಕ್ಕೆ 1968ರದ್ದು, ಗೊಬ್ಬರಕ್ಕೆ 1985ರ ನಿಯಂತ್ರಣ ಆದೇಶ ಇವೆ. ಫೀಡಿಗೆ ಅಂಥ ಕೇಂದ್ರ ಕಾಯ್ದೆ ಬರಲಿಲ್ಲ.

ಪಶು ಆಹಾರದ ಗುಣಮಟ್ಟ ಹಾಲು ಕುಡಿಯುವವರಿಗೂ ಸಂಬಂಧಪಟ್ಟದ್ದೆಂದು ಜಗತ್ತಿಗೆ ಕಲಿಸಿದ್ದು ಶೇಂಗಾ ಹಿಂಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ, ಅದರ ಬೂಷ್ಟು, ಆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್. ಹಸು ತಿಂದ ಬಿ1 ಎಂಬ ಅಫ್ಲಾಟಾಕ್ಸಿನ್ ಅದರ ಯಕೃತ್ತಿನಲ್ಲಿ ಎಂ1 ಆಗಿ ಹಾಲಿಗಿಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಗಾಗಿ ಮಾನದಂಡದಲ್ಲಿ ಬಿ1ಗೆ ಒಂದು ಕೆ.ಜಿ. ಆಹಾರಕ್ಕೆ 20 ಮೈಕ್ರೊಗ್ರಾಮಿನ ಮಿತಿಯಿದೆ.

ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿದಾಗ 368ರಲ್ಲಿ, ಅಂದರೆ ಶೇ. 5.7ರಲ್ಲಿ, ಎಂ1 ಮಿತಿ ಮೀರಿತ್ತು. ನೀರು ಬೆರೆಸುವವರನ್ನು ಹಿಡಿಯಲು ಹೋದವರಿಗೆ ಸಿಕ್ಕಿದ್ದು ಗೋದಲಿಯ ತಪ್ಪು. ಆಮೇಲೆ ಪ್ರಾಧಿಕಾರ ವಾಣಿಜ್ಯ ಪಶು ಆಹಾರಕ್ಕೆ ಮಾನಕ ಸಂಸ್ಥೆಯ ಮುದ್ರೆ ಇರಬೇಕೆಂದು ನಿರ್ದೇಶಿಸಿತು. ಗಡುವು ಮುಂದಕ್ಕೆ ಹೋಯಿತು. ಔಷಧದ ಕಡೆಯಿಂದ ಬಂದ ಕ್ರಮ ಮಾತ್ರ ಚುರುಕಾಗಿತ್ತು. ಕೋಳಿ ಫೀಡಿನಲ್ಲಿ ಬೆಳವಣಿಗೆಗೆಂದು ಬಳಸುತ್ತಿದ್ದ ಕೊಲಿಸ್ಟಿನ್ ಪ್ರತಿಜೀವಕವನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಪ್ರಾಣಿಗಳಿಗೆ ನಿಷೇಧಿಸಿತು.

ಫೀಡ್ ಕಾರ್ಖಾನೆಗೆ ಎಷ್ಟೇ ನಿಯಮ ಹಾಕಿದರೂ ಬೂಷ್ಟು ಹಿಡಿಯುವುದು ಅದಕ್ಕೂ ಮೊದಲೇ. ಕೊಯ್ಲಿನ ಹೊತ್ತಿಗೆ ಮೆಕ್ಕೆಜೋಳದ ಕಾಳಿನಲ್ಲಿ ಶೇ. 20ಕ್ಕೂ ಮೇಲೆ ತೇವ ಇರುತ್ತದೆ. ಹಿಂಗಾರು ಮಳೆ ಹಿಡಿದ ದಿನಗಳಲ್ಲಿ ಈ ತಾಲ್ಲೂಕುಗಳ ಡಾಂಬರು ರಸ್ತೆಯ ಅಂಚಿಗೆ ಹಳದಿ ಕಾಳು ಹರವಿರುತ್ತದೆ. ಮೋಡ ಕವಿದರೆ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡುತ್ತಾರೆ, ಬಿಸಿಲು ಬಿದ್ದರೆ ಮತ್ತೆ ಕಾಲಿನಿಂದ ಸಾಲು ಎಳೆದು ಹರವುತ್ತಾರೆ.