ವಿಲ್ಲೋನಾ ವುಡ್ಸ್

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1974ರಿಂದ 1979ರವರೆಗೆ ಪ್ರಸಾರವಾದ ‘ಗುಡ್ ಟೈಮ್ಸ್’ ಹಾಸ್ಯ ಧಾರಾವಾಹಿಯ ಪ್ರಮುಖ ಪಾತ್ರ. ಇದನ್ನು ನಿರ್ವಹಿಸಿದವರು ನಟಿ, ಗಾಯಕಿ ಜನೇ ಡುಬ್ವಾ. ಎರಿಕ್ ಮಾಂಟಿ ಮತ್ತು ಮೈಕ್ ಇವಾನ್ಸ್ ಸೃಷ್ಟಿಸಿದ ಈ ಧಾರಾವಾಹಿಯನ್ನು ಬೆಳೆಸಿದವರು ನಾರ್ಮನ್ ಲಿಯರ್.

ಶಿಕಾಗೊ ನಗರದ ಬಡವರ ಸರ್ಕಾರಿ ವಸತಿ ಸಮುಚ್ಚಯದಲ್ಲಿ ವಾಸಿಸುವ ಇವಾನ್ಸ್ ಎಂಬ ಕಪ್ಪು ಕುಟುಂಬದ ನೆರೆಮನೆಯಾಕೆ ವಿಲ್ಲೋನಾ. ಮನೆಯೊಡತಿ ಫ್ಲಾರಿಡಾಳ ಆಪ್ತ ಗೆಳತಿ. ವಿಚ್ಛೇದಿತೆ, ಉಡುಪಿನ ಅಂಗಡಿಯಲ್ಲಿ ಕೆಲಸ. ಹೊಸ ಬಗೆಯ ಉಡುಗೆ, ಬಗೆಬಗೆಯ ವಿಗ್ಗು, ಕಟ್ಟಡದ ಗುಸುಗುಸು ಸುದ್ದಿ, ಥಟ್ಟನೆ ಹಾರುವ ಚುರುಕು ಮಾತು ಇವು ಆಕೆಯ ಗುರುತುಗಳು. ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಸ್ಥೂಲಕಾಯದ ಬುಕ್‌ಮನ್‌ಗೆ ಆಕೆ ಇಟ್ಟ ಅಡ್ಡಹೆಸರು ‘ಬಫಲೊ ಬಟ್’ ಪ್ರೇಕ್ಷಕರ ಬಾಯಲ್ಲೂ ನೆಲೆಸಿತು.

ಫ್ಲಾರಿಡಾ ಪಾತ್ರಧಾರಿ ಎಸ್ತರ್ ರೋಲ್ 1977ರಲ್ಲಿ ಧಾರಾವಾಹಿ ತೊರೆದಾಗ ವಿಲ್ಲೋನಾ ಪಾತ್ರಕ್ಕೆ ಇನ್ನಷ್ಟು ಮಹತ್ವ ಬಂತು. ತಾಯಿಯಿಂದಲೇ ಹಿಂಸೆಗೊಳಗಾದ ಪೆನ್ನಿ ಎಂಬ ಬಾಲಕಿಯನ್ನು ಆಕೆ ದತ್ತು ಪಡೆಯುವ ಕಥಾಭಾಗ ನಾಲ್ಕು ಕಂತುಗಳಲ್ಲಿ ಮೂಡಿತು. ತಾಯಿ ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಮಗುವಿನ ಮೈ ಸುಡುವ ದೃಶ್ಯ, ಮಕ್ಕಳ ಮೇಲಿನ ದೌರ್ಜನ್ಯವನ್ನು ಹಾಸ್ಯ ಧಾರಾವಾಹಿಯ ಚೌಕಟ್ಟಿನೊಳಗೇ ನೇರವಾಗಿ ತೋರಿಸಿತು. ಪೆನ್ನಿಯಾಗಿ ನಟಿಸಿದ್ದು ಮುಂದೆ ಗಾಯಕಿಯಾಗಿ ಹೆಸರಾದ ಜಾನೆಟ್ ಜಾಕ್ಸನ್. ಹಾಸ್ಯಕ್ಕೆಂದು ಬಂದುಹೋಗುವ ನೆರೆಯವರ ಸಾಲಿನಿಂದ ವಿಲ್ಲೋನಾಳನ್ನು ಬೇರ್ಪಡಿಸುವುದು ಈ ತಾಯ್ತನವೇ. ಕೊನೆಯ ಕಂತಿನಲ್ಲಿ ಎರಡೂ ಮನೆಯವರು ಆ ಸಮುಚ್ಚಯ ಬಿಟ್ಟರೂ ಹೊಸ ಕಟ್ಟಡದಲ್ಲಿ ಮತ್ತೆ ನೆರೆಹೊರೆಯವರಾಗುತ್ತಾರೆ.

ಲಿಯರ್ ಅವರ ಇನ್ನೊಂದು ಧಾರಾವಾಹಿ ‘ದಿ ಜೆಫರ್ಸನ್ಸ್’ನ ಶೀರ್ಷಿಕೆ ಗೀತೆಯನ್ನು ಜೆಫ್ ಬ್ಯಾರಿ ಜೊತೆ ರಚಿಸಿ ಹಾಡಿದವರೂ ಡುಬ್ವಾ. ಅವರು 2020ರ ಫೆಬ್ರುವರಿಯಲ್ಲಿ ನಿಧನರಾದರು.