ನಸ್ಯವೂ ನಶ್ಯವೂ

ಹೊಸೂರಿನಿಂದ ಮಾಲೂರಿಗೆ ಹೋಗುವ ಹಾದಿಯಲ್ಲಿ, ಸುಮಾರು 900 ಮೀಟರು ಎತ್ತರದ ಬಯಲುಸೀಮೆಯಲ್ಲಿರುವ ಬಾಗಲೂರಿಗೆ ಮಾರ್ಗಶಿರ ಪುಷ್ಯಗಳ ಇಬ್ಬನಿಯೂ, ಅದರ ಬೆನ್ನಿಗೇ ಬರುವ ನೆಗಡಿಯೂ ಹೊಸತಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರಿನ ಈ ಸೀಮೆ ಕುಂಪಣಿಯ ಸೇಲಂ ಜಿಲ್ಲೆಗೆ ಸೇರಿತು; 1956ರ ಪುನರ್ವಿಂಗಡಣೆಯಲ್ಲಿಯೂ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆದರೆ ಮೂಗು ಕಟ್ಟಿ ತಲೆ ಭಾರವಾದಾಗ ಬಚ್ಚಲ ಹಂಡೆಯಲ್ಲಿ ಕುದಿಯುವ ಸೊಪ್ಪು ಗಡಿಯ ಎರಡು ಕಡೆಯೂ ಒಂದೇ: ಕನ್ನಡಿಗರ ಲಕ್ಕಿಯೇ ತೆಲುಗರ ವಾವಿಲಿ, ತಮಿಳರ ನೊಚ್ಚಿ.

ಮನೆಯ ಈ ಬಳಕೆಯ ಹಿಂದೆ ದೀರ್ಘವಾದ ಶಾಸ್ತ್ರಪರಂಪರೆಯಿದೆ. ಸುಶ್ರುತಸಂಹಿತೆಯು ಮೂಗಿನ ರೋಗಗಳು 31 ಎಂದು ಎಣಿಸಿ, ನೆಗಡಿಗೆ, ಎಂದರೆ ಪ್ರತಿಶ್ಯಾಯಕ್ಕೆ, ಪ್ರತ್ಯೇಕವಾದ ಅಧ್ಯಾಯವನ್ನೇ ಮೀಸಲಿಟ್ಟಿದೆ. ಚರಕಸಂಹಿತೆಯು, ಎಳ್ಳೆಣ್ಣೆಯನ್ನು ಮೂಲಿಕೆಗಳ ಕಷಾಯದಲ್ಲಿ ಹತ್ತು ಬಾರಿ ಪಾಕಮಾಡಿ ಪಡೆದ ಅಣುತೈಲವನ್ನು ಪ್ರಾವೃಟ್, ಶರತ್, ವಸಂತಗಳೆಂಬ ಮೂರು ಋತುಗಳಲ್ಲಿ, ಆಕಾಶವು ಮೇಘರಹಿತವಾಗಿರುವಾಗ, ಮೂಗಿಗೆ ಹನಿಸಬೇಕೆಂದು ವಿಧಿಸುತ್ತದೆ. ಈ ವಿಧಿ ಬರುವುದು ಹಲ್ಲುಕಡ್ಡಿಯನ್ನೂ ಅಭ್ಯಂಗವನ್ನೂ ಹೇಳುವ ಅಧ್ಯಾಯದಲ್ಲಿಯೇ ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಮೂಗಿನ ಆರೈಕೆಯನ್ನು ಆ ಆಚಾರ್ಯರು ರೋಗಿಯ ಪಾಲಿಗೆ ಬಿಡದೆ, ಆರೋಗ್ಯವಂತನ ದಿನಚರ್ಯೆಯಲ್ಲಿ ಸೇರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದ ಮೇಲೆ ವೈದ್ಯವು ನಮ್ಮ ಮಾತಿನಲ್ಲಿಯೂ ಗ್ರಂಥಸ್ಥವಾಗಿ ದೊರೆಯುವಂತಾಯಿತು.

ಮೂಗಿಗೆ ಔಷಧವೆರೆಯುವ ಈ ಕ್ರಮಕ್ಕೆ ನಸ್ಯವೆಂದು ಹೆಸರು. ಆ ಹೆಸರಿಗೆ ಒದಗಿದ ಗತಿಯನ್ನು ನೆನೆದರೆ ವ್ಯಥೆಯಾಗುತ್ತದೆ. ಅಕ್ಬರನ ಆಸ್ಥಾನದ ಅಸದ್ ಬೇಗನು 1604ರ ಸುಮಾರಿಗೆ ಬಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು, ಅಪೂರ್ವವಸ್ತುವೆಂದು ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಆಗ ನಮ್ಮ ನೆಲಕ್ಕೆ ಹೊಸತಾಗಿದ್ದ ಆ ಎಲೆ, ಕಾಲಕ್ರಮದಲ್ಲಿ ನುಣ್ಣನೆಯ ಪುಡಿಯಾಗಿ ಡಬ್ಬಿಗಳಲ್ಲಿ ಸೇರಿ, ಔಷಧದ ಹೆಸರನ್ನೇ ತನ್ನದಾಗಿಸಿಕೊಂಡು ಕನ್ನಡದಲ್ಲಿ ನಶ್ಯವಾಯಿತು, ತೆಲುಗಿನಲ್ಲಿ ನಸ್ಯಮಾಯಿತು. ತಮಿಳರು ಮಾತ್ರ ಅದನ್ನು ಮೂಗಿನ ಪುಡಿಯೆಂದೇ ಕರೆದು ಹಳೆಯ ಪದಕ್ಕೆ ಕಳಂಕ ಬಾರದಂತೆ ಉಳಿಸಿದರು. ಒಳಪೊರೆಯನ್ನು ತಣಿಸುವುದಕ್ಕೆ ಹುಟ್ಟಿದ ಮಾತು ಅದನ್ನು ಕೆರಳಿಸುವ ವಸ್ತುವಿಗೆ ನಿಂತಿತು.

ಬಚ್ಚಲುಮನೆಯಾದರೋ ಹಳೆಯ ಅರ್ಥವನ್ನು ಹೆಸರಿಲ್ಲದೆಯೇ ಕಾಪಾಡಿಕೊಂಡು ಬಂದಿತು. ಆ ಆರೈಕೆ ಏಕೆ ಬೇಕೆಂಬುದು ಮೂಗಿಗೆ ತೆರೆದುಕೊಳ್ಳುವ ಪೊಳ್ಳುಗಳ ರಚನೆಯಿಂದ ತಿಳಿಯುತ್ತದೆ. ಕೆನ್ನೆಯ ಎಲುಬಿನೊಳಗಿನ ಪೊಳ್ಳನ್ನು ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರನು 1651ರಲ್ಲಿ ಸವಿಸ್ತಾರವಾಗಿ ವರ್ಣಿಸಿದನು. ಆ ಪೊಳ್ಳಿನ ಬಾಗಿಲು ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಒಳಗಿನ ಲೋಳೆ ತಾನಾಗಿ ಸೋರಿಹೋಗಲಾರದು, ಕಣ್ಣಿಗೆ ಕಾಣದ ರೋಮಗಳು ಅದನ್ನು ಎಡೆಬಿಡದೆ ಮೇಲಕ್ಕೆ ಸಾಗಿಸಬೇಕು. ಲೋಳೆ ಒಣಗಿ ಗಟ್ಟಿಯಾಯಿತೆಂದರೆ ಆ ಸಾಗಣೆ ನಿಲ್ಲುತ್ತದೆ, ಹಣೆ ಕೆನ್ನೆಗಳು ನೋಯುತ್ತವೆ. ಸೊಪ್ಪಿನ ಬಿಸಿನೀರಿನ ಸ್ನಾನ, ಹುರುಳಿಕಟ್ಟಿನ ಸಾರು, ಮೆಣಸಿನ ಸಾರು, ಒಣಗಿದ ಲಕ್ಕಿ ಎಲೆ ತುಂಬಿದ ತಲೆದಿಂಬು, ಇವೆಲ್ಲ ಆ ನೋವಿಗೆ ಮನೆಯವರು ಕಂಡುಕೊಂಡ ಉಪಶಮನಗಳು. ತೊಳೆಯುವ ಕೆಲಸ ಮಾತ್ರ ಉಪ್ಪುನೀರಿನದು. ಹಠಯೋಗಪ್ರದೀಪಿಕೆ ಹೇಳುವ ನೇತಿ, ಎಂದರೆ ಮೂಗಿನ ಶುದ್ಧಿ, ನೂಲಿನದಾದರೂ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಜಲನೇತಿ. ಅದರ ನೀರು ಕುದಿಸಿ ಆರಿಸಿದ್ದಾಗಿರಲೇಬೇಕು, ಬಾವಿಯಿಂದ ಸೇದಿದ ನೀರನ್ನು ಹಾಗೆಯೇ ಮೂಗಿಗೆ ಹೊಯ್ಯಬಾರದು.

ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿಯು ಬಾಗಲೂರಿನ ಆಸುಪಾಸಿನಲ್ಲಿ ತಮಿಳುನಾಡನ್ನು ಹೊಗುತ್ತದೆ. ನೀಲಗಿರಿಮರವನ್ನೂ ಟಿಪ್ಪು 1790ರ ಸುಮಾರಿಗೆ ಮೊದಲು ನೆಡಿಸಿದ್ದು ಅದೇ ನಂದಿಯಲ್ಲಿ. ಪರದೇಶದ ಆ ಎಲೆಯನ್ನು ನಮ್ಮ ಹೆಂಗಸರು ಯಾವ ಶಾಸ್ತ್ರವನ್ನೂ ಕೇಳದೆ ಒಪ್ಪಿಕೊಂಡರು. ಕಂಬಳಿ ಹೊದ್ದು ಹಬೆ ಹಿಡಿಯುವವನ ಮುಂದೆ, ತುಸು ದೂರದಲ್ಲಿಟ್ಟ ಪಾತ್ರೆಯೊಳಗೆ, ತೊರೆಯ ದಡದಿಂದ ಮುರಿದು ತಂದ ಲಕ್ಕಿಯ ಜೊತೆಗೇ ಅದನ್ನೂ ಹಾಕಿ ಕುದಿಸಿದರು.